ಯಮನೂರ ಆರಿಸಿದ ಟಿವಿ

ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ಸಕ್ರವ್ವನಿಗೆ ಒಬ್ಬನೇ ಮಗ, ಯಮನೂರ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವಳ ಗೋಳು. ಎದುರಿನ ಮುದಕಪ್ಪ ತನ್ನ ಖಾನಾವಳಿಗೆ ಟಿವಿ ತಂದಾಗಿನಿಂದ ಸಕ್ರವ್ವನ ರೊಟ್ಟಿ ಬುಟ್ಟಿಯಲ್ಲೇ ಒಣಗತೊಡಗಿದವು.

"ಹಿಂಗಾದ್ರ ನಮ್ಮ ಒಲಿ ಆರತೈತಿ. ಅಂಗಡಿಗೆ ಹೋಗಿ ಒಂದು ಟಿವಿ ಆರಿಸಿ ತಾ," ಎಂದಳು ಮಗನಿಗೆ. "ಅಂಗಡಿ ಝಗಮಗಕ್ಕ ಮರುಳಾಗಬ್ಯಾಡ. ಮನ್ಯಾಗ ಹೆಂಗ ನೋಡ್ತೀಯೋ ಹಂಗ ನೋಡು."

ಅಂಗಡಿಯ ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಅದೇ ಗಿಳಿ. ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಇನ್ನೂ ಹಸಿರು, ಮತ್ತೊಂದರಲ್ಲಿ ಕಣ್ಣು ಕುಕ್ಕುವ ಹಸಿರು. ಯಮನೂರ ಉಸಿರಾಡುವುದನ್ನೇ ಮರೆತ. ಆಮೇಲೆ ಅಂಗಿ ಬಿಚ್ಚಿ, ತಲೆಯಡಿ ಟವೆಲ್ ಸುತ್ತಿಟ್ಟು, ನಡು ಅಂಗಡಿಯಲ್ಲಿ ಮಲಗಿ ನೋಡಿದ. ನೋಡುತ್ತ ನೋಡುತ್ತ ನಿದ್ದೆಹೋದ. ಎಬ್ಬಿಸಿ ಕಳಿಸಿದರು.

"ಹುಚ್ಚಪ್ಯಾಲಿ, ನಿಂತು ನೋಡಬೇಕು," ಎಂದು ಸಕ್ರವ್ವ ಬೈದಳು. " ಗಿಳಿ ಬಣ್ಣ ತಗೊಂಡು ಏನು ಮಾಡ್ತಿ? ಮನಷ್ಯಾರ ಮಾರಿ ನೋಡು. ಖರೇ ಮಾರಿಗೆ ಹೊಂದಬೇಕು."

ಮರುದಿನ ನಿಂತೇ ನೋಡಿದ. ಟಿವಿಯಲ್ಲಿ ಒಬ್ಬಾಕೆ ನಗುತ್ತಿದ್ದಳು. ರೆಪ್ಪೆಯ ಕೂದಲು ಎಣಿಸುವಷ್ಟು ನಿಚ್ಚಳ. ಬೆರಗಾಗಿ ನಿಂತ. ಆಮೇಲೆ ಮಾಲೀಕನ ತಲೆ ಹಿಡಿದು, ಒಂದೊಂದು ಟಿವಿಗೂ ಅವನ ಕೆನ್ನೆ ಹಚ್ಚಿ ಹೊಂದಿಸತೊಡಗಿದ. "ಅಲುಗಬ್ಯಾಡ್ರಿ ಸಾವಕಾರ್ರ, ಇದಕ್ಕ ನೀವು ಸ್ವಲ್ಪ ಕಪ್ಪು ಬೀಳ್ತೀರಿ."

ಸಕ್ರವ್ವ ಹಣೆ ಬಡಿದುಕೊಂಡಳು. "ಯಾರ ಮೈನೂ ಮುಟ್ಟಬ್ಯಾಡ. ಅಂಗಡ್ಯಾವರು ಟಿವಿಯಾಗ ಹಾಕಿದ್ದು ನೋಡಲೇಬ್ಯಾಡ. ನಾವು ದಿನಾ ನೋಡೋ ಬೀದಿ, ದಿನಾ ನೋಡೋ ಜನ ಯಾವುದರಾಗ ಇದ್ದಂಗ ಕಾಣ್ತಾರೋ, ಅದನ್ನ ಹೊತ್ಕೊಂಡು ಬಾ."

ಮೂರನೇ ದಿನ ಹೋದಾಗ, ಹೊಸದು ಕೂರಿಸಲೆಂದು ಕಿತ್ತ ಹಳೇ ಗಾಜಿನ ಕಿಟಕಿಯೊಂದು ಅಂಗಡಿಯ ಬಾಗಿಲಲ್ಲಿ ನಿಂತಿತ್ತು. ಅದರೊಳಗೆ ಬೀದಿ, ಟಂಟಂ ಗಾಡಿ, ಎಮ್ಮೆ, ಎಮ್ಮೆಯ ಕಿವಿಯ ಮೇಲಿನ ನೊಣ. ಯಮನೂರನ ಕಣ್ಣಲ್ಲಿ ನೀರು ಬಂತು.

"ಇದ ಬೇಕ್ರಿ."

ಮಾಲೀಕ ಕೆನ್ನೆ ಸವರಿಕೊಂಡು, "ಪುಕ್ಕಟೆ ಒಯ್ಯಪ್ಪಾ, ಹೊಳ್ಳಿ ಬರಬ್ಯಾಡ," ಎಂದ.

ತಂದು ಖಾನಾವಳಿಯ ಬಾಗಿಲಿಗೇ ಅಡ್ಡ ನಿಲ್ಲಿಸಿದ. ಸಕ್ರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ನೋಡಬೇ, ವಯರೂ ಬೇಕಿಲ್ಲ. ಮುದಕಪ್ಪನ ಟಿವಿನೂ ಇದರಾಗ ಬರತೈತಿ."

ಅಷ್ಟರಲ್ಲಿ ಹಳೇ ಗಿರಾಕಿ ಕಂಡಕ್ಟರ್ ರಾಜೇಸಾಬ, ಎದುರಿನ ಗದ್ದಲಕ್ಕೆ ಬೇಸತ್ತು, ರಸ್ತೆ ದಾಟಿ ಬರುವುದು ಕಂಡಿತು. ಎಷ್ಟೋ ದಿನಕ್ಕೆ ಒಬ್ಬ ಗಿರಾಕಿ. ಸಕ್ರವ್ವ ತಾಟು ತರಲು ಒಳಗೋಡಿದಳು.

ಗಾಜಿನೊಳಗೆ ರಾಜೇಸಾಬ ದೊಡ್ಡವನಾದ, ಇನ್ನೂ ದೊಡ್ಡವನಾದ. ಯಮನೂರನ ಮೈ ಜುಮ್ಮೆಂದಿತು. ರಾಜೇಸಾಬ ಗಾಜು ಸರಿಸಿ ಕಾಲಿಡಹೋದ. ಯಮನೂರ ಅವನ ಮೈ ಮುಟ್ಟದೆ ಗಾಜನ್ನೇ ಒತ್ತಿ ಹಿಡಿದ.

"ಅಲ್ಲೇ ಇರ್ರಿ ಸಾಹೇಬ್ರ. ನೀವ ಹೊರಗ ಬಂದ್ರ ಟಿವಿಯೊಳಗ ಏನ ಉಳೀತು?"

ರಾಜೇಸಾಬ ತಲೆ ಕೆರೆದುಕೊಂಡು ಮುದಕಪ್ಪನ ಕಡೆಗೇ ತಿರುಗಿದ. ಬಿಸಿ ರೊಟ್ಟಿಯ ತಾಟು ಹಿಡಿದು ಬಂದ ತಾಯಿಗೆ ಯಮನೂರ ಸಮಾಧಾನ ಹೇಳಿದ:

"ಅಂಜಬ್ಯಾಡಬೇ, ಹೊಳ್ಳಿ ಟಿವಿಯೊಳಗ ಕಳಿಸೀನಿ."