ಬಿಸಿಲಲ್ಲಿ ನಿಂತ ನಾಲ್ಕನೆಯ ಕೊಡ

‘೧೯೮೭ ಏಪ್ರಿಲ್ ೯, ಗುರುವಾರ. ಮನೆಯ ನಾಲ್ಕೂ ಕೊಡ ಸೋರುತ್ತಿವೆ. ಭಾನುವಾರ ನಲ್ಲಿ ಬರುತ್ತದೆ. ತಪ್ಪಿದರೆ ಮತ್ತೆ ಎಂಟು ದಿನ. ಮಗನಿಗೆ ಇಂದೇ ಕೆಲಸ ಕಲಿಸುವುದು.’

ನೀಲಾಂಬಿಕೆಯ ಹಳೆಯ ದಿನಚರಿಯಲ್ಲಿ ಹೀಗಿದೆ. ಆಕೆ ಬಿ.ಎಸ್ಸಿ. ಓದಿದವಳು. ಗಂಡ ತೀರಿದ ಮೇಲೆ ಪ್ಲಾಸ್ಟಿಕ್ ಕೊಡಗಳಿಗೆ ತೇಪೆ ಹಾಕುವ ಅವನ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಎಷ್ಟು ಬಿಸಿಗೆ ಪ್ಲಾಸ್ಟಿಕ್ ಏನಾಗುತ್ತದೆ ಎಂದು ಒಂದು ಪಟ್ಟಿ ಬರೆದಿಡಬೇಕೆಂಬುದು ಅವಳ ಬಹುದಿನದ ಆಸೆ. ಮಗ ಅಡಿವೆಪ್ಪನೋ, ಮೀಸೆ ಬಂದ ಗಂಡಸು, ಹೇಳಿದಷ್ಟೇ ಮಾಡುವವ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ.

ಗಿರಾಕಿಗಳ ಕೊಡಗಳು ರಾಶಿ ಬಿದ್ದಿದ್ದವು. ಅವುಗಳಿಗೆ ತೇಪೆ ಹಾಕುತ್ತ, ಮನೆಯ ಮೊದಲ ಕೊಡವನ್ನು ಮಗನ ಮುಂದೆ ತಳ್ಳಿ, ಕುಳಿತಲ್ಲಿಂದಲೇ ಹೇಳಿದಳು: “ಅಡಿವೆಪ್ಪಾ, ಸಲಾಕಿ ಕೆಂಪಗ ಕಾಯಿಸು. ತೂತಿನ ಮ್ಯಾಲ ಒತ್ತು.”

ಕಾಯಿಸಿದ, ಒತ್ತಿದ. ಒತ್ತಿದ, ಒತ್ತಿದ. ಪ್ಲಾಸ್ಟಿಕ್ ಎಣ್ಣೆಯ ಹಾಗೆ ಹರಿಯಿತು. ಕಡಲೆಯಷ್ಟಿದ್ದ ತೂತು ರೊಟ್ಟಿಯಷ್ಟಾಯಿತು.

“ಎಲ್ಲೀತನಕ ಒತ್ತಿದಿಯೋ!”

“ನೀ ಸಾಕು ಅನ್ನೋತನಕ, ಅವ್ವಾ.”

“ಅಯ್ಯ ನನ್ನ ಹಣೇಬರಾ! ಸಲಾಕಿ ಬಿಸಿ ಆರಿಸ್ಕೊಂಡು ಒತ್ತಬೇಕೋ!”

“ಹೂಂ, ಅವ್ವಾ.”

ಶುಕ್ರವಾರ ಸಲಾಕಿಯನ್ನು ನೀರಲ್ಲಿ ಅದ್ದಿದ, ಗಾಳಿ ಬೀಸಿದ, ಕೆನ್ನೆಗೆ ಇಟ್ಟು ನೋಡಿದ. ಪೂರಾ ಆರಿತ್ತು. ಎರಡನೆಯ ಕೊಡಕ್ಕೆ ಒತ್ತಿದ, ಮೊಣಕಾಲೂರಿ ಒತ್ತಿದ. ಪಟ್! ಬಾಯಿಂದ ತಳದವರೆಗೆ ಸೀಳಿತು.

“ತಣ್ಣಗಿದ್ರ ಒಡೀತದೋ, ಖೋಡಿ! ಮೊದಲು ಕುದಿಯೋ ನೀರಾಗ ಇಡು, ಮೆತ್ತಗಾಗ್ಲಿ. ಆಮ್ಯಾಲ ಹೆಂಗ ಬೇಕೋ ಹಂಗ ತಿದ್ದು.”

“ಹೂಂ, ಅವ್ವಾ.”

ಶನಿವಾರ ಮೂರನೆಯದನ್ನು ಕುದಿಯುವ ಹಂಡೆಗೆ ಹಾಕಿದ. ಮೆತ್ತಗಾಯಿತು. ತೆಗೆದ, ಅದುಮಿದ, ಮೇಲೆ ಹಾಯಾಗಿ ಕೂತ.

“ಇದೇನೋ?”

“ಕೂಡೋ ಮಣಿ, ಅವ್ವಾ. ನನಗ ಅದೇ ಬೇಕಾಗಿತ್ತು.”

“ನಮಗ ಬೇಕಾಗಿದ್ದು ಕೊಡ! ಬಿಸಿ ಇದ್ದಾಗ ಭಾರ ಹಾಕಬಾರದು. ತಣ್ಣಗಾಗೋತನಕ ಎರಡೂ ಕೈಲೆ ಹಿಡಿದಿರು. ಅಲ್ಲೀತನಕ ಹನಿ ನೀರೂ ತುಂಬಬ್ಯಾಡ!”

“ಹೂಂ, ಅವ್ವಾ.”

ಭಾನುವಾರ ಬೆಳಿಗ್ಗೆ ಅವನ ಕೈ ಮೇಲೆ ಕೈಯಿಟ್ಟು, ಸಲಾಕಿಯ ಕೆಂಪು ಹೋದ ಮೇಲೆ ಹತ್ತು ಎಣಿಸಿ, ಒಡೆದ ಕೊಡದ ಚೂರನ್ನೇ ನಾಲ್ಕನೆಯದಕ್ಕೆ ತೇಪೆಯಿಟ್ಟು ಒತ್ತಿಸಿದಳು. ಎಂಥ ಬೆಸುಗೆ!

“ಥೇಟ್ ನಿಮ್ಮಪ್ಪನ ಕೈ! ನಡಿ, ಪಾಳಿ ಹಿಡಿ.”

ಹೋದ. ಕೊಡವನ್ನು ಎದೆಗೆ ಅವಚಿಕೊಂಡು ಉರಿಬಿಸಿಲಲ್ಲಿ ನಿಂತ. ನೀರು ಬಂತು.

“ಅಡಿವೆಪ್ಪಾ, ನಿನ್ನ ಪಾಳಿ!” ಎಂದಳು ಪಕ್ಕದ ಮನೆಯ ಶಾವಕ್ಕ.

“ತಡೀ ಚಿಗವ್ವಾ, ಇನ್ನೂ ಬೆಚ್ಚಗೈತಿ.”

ಹಿಂದಿನವರು ತುಂಬಿಸಿಕೊಂಡರು. ಅವರ ಹಿಂದಿನವರೂ ತುಂಬಿಸಿಕೊಂಡರು. “ಇನ್ನೂ ಬೆಚ್ಚಗೈತಿ!” ನಲ್ಲಿ ಗೊರಗೊರ ಎಂದು ನಿಂತೇ ಹೋಯಿತು. ನೀಲಾಂಬಿಕೆ ಓಡಿ ಬಂದಳು.

“ಬಿಸಿಲಾಗ ಹಿಡಿದ್ರ ಹೆಂಗ ತಣ್ಣಗಾಗ್ತದೋ!”

“ಹಿಡಿದಿರು ಅಂದಿ. ನೆರಳಿಗೆ ಹೋಗು ಅನ್ನಲಿಲ್ಲಲ್ಲ?”

ಶಾವಕ್ಕ ನಗುತ್ತ ತನ್ನ ಕೊಡವನ್ನೇ ಅವನ ಕೊಡಕ್ಕೆ ಬಗ್ಗಿಸಿದಳು. “ಬ್ಯಾಡ ಚಿಗವ್ವಾ!” ಎಂದು ಅವನು ಹಿಂದೆ ಸರಿದ. ನೀರೆಲ್ಲ ಅವ್ವನ ಮೈಮೇಲೆ!

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಮನೆಗೆ ಬಂದು, ಒದ್ದೆ ಸೀರೆಯಲ್ಲೇ ಆ ಮಣೆಯ ಮೇಲೆ ಕೂತು ಬರೆದಳು:

‘ಕೆಂಪು ಬಿಸಿ: ಹರಿಯುತ್ತದೆ. ಕುದಿಯುವ ನೀರು: ಬಗ್ಗುತ್ತದೆ. ತಣ್ಣಗೆ: ಒಡೆಯುತ್ತದೆ. ಹತ್ತು ಎಣಿಸಿದ ಬಿಸಿ: ಬೆಸೆಯುತ್ತದೆ. ಏಪ್ರಿಲ್ ಬಿಸಿಲು: ಏನೂ ಆಗುವುದಿಲ್ಲ.

ಕುಡಿಯಲು ಓಣಿಯವರು ಕೊಟ್ಟರು. ಈ ಪಟ್ಟಿಗೆ ಆದ ಒಟ್ಟು ವೆಚ್ಚ: ಕೊಡ ಮೂರು, ಇಬ್ಬರ ಎಂಟು ದಿನದ ಸ್ನಾನ.’