ತಣ್ಣನೆಯ ನಡೆ

"ಗುರುಗಳೇ, ಬೆಳಗಿನಿಂದ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿದೆ. ಮಠದ ಪಾರುಪತ್ಯಗಾರರು ಅಡುಗೆಯ ಹೆಂಗಸಿನ ಮೇಲೆ ತುಪ್ಪದ ಕಳ್ಳತನ ಹೊರಿಸಿ ಹೊರಗಟ್ಟಿದರು. ತುಪ್ಪದ ಡಬ್ಬಿಯನ್ನು ಅವರೇ ಮನೆಗೆ ಒಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಸಿಟ್ಟನ್ನು ಇಳಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ನೇಕಾರ ಹೆಂಗಸಿದ್ದಳು. ಮಗ್ಗ ಬಿಟ್ಟರೆ ಚದುರಂಗ, ಚದುರಂಗ ಬಿಟ್ಟರೆ ಮಗ್ಗ. ಜಿಲ್ಲೆಯ ಪಂದ್ಯಾವಳಿಯಲ್ಲಿ ಎಲ್ಲರನ್ನೂ ಸೋಲಿಸಿ ಕೊನೆಯ ಸುತ್ತಿಗೆ ಬಂದಳು. ಅದನ್ನೂ ಗೆದ್ದರೆ ರಾಜ್ಯ ತಂಡದಲ್ಲಿ ಜಾಗ. ಅವಳಿಗೆ ಬಂದದ್ದು ಕಪ್ಪು ಕಾಯಿ. ಎದುರಿಗೆ ಕೂತವನು ಒಬ್ಬ ವ್ಯಾಪಾರಿ. ತೀರ್ಪುಗಾರ ಅವನ ಸೋದರಮಾವ.

ಕಪ್ಪು ಕಾಯಿಯವರು ಆಟ ಶುರುಮಾಡುವ ಬಗೆಗೆ ರಕ್ಷಣೆ ಎನ್ನುತ್ತಾರೆ; ಅವಳು ಹಿಡಿದದ್ದು ಹೆಸರಿಗೆ ಮಾತ್ರ ರಕ್ಷಣೆ. ತನ್ನ ರಾಜನ ಮುಂಬಾಗಿಲನ್ನೇ ತೆರೆದಿಟ್ಟು ಎದುರಾಳಿಯ ಮೇಲೆ ಏರಿಹೋಗುವ ಆಟ ಅದು. ಹೊರಟ ಮೇಲೆ ನಿಲ್ಲುವಂತಿಲ್ಲ. ಒಂದು ನಡೆ ತಡವಾದರೂ ಅವನು ಒಳಗೆ ಬರುತ್ತಾನೆ.

ವ್ಯಾಪಾರಿ ತಬ್ಬಿಬ್ಬಾದ. ಆನೆಯನ್ನು ಎತ್ತಿದ. ಅದರಿಂದ ಕೆಡುತ್ತದೆಂದು ತಿಳಿದು, ಇದ್ದಲ್ಲೇ ಇಟ್ಟು, ಮಂತ್ರಿಯನ್ನು ನಡೆಸಿದ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಆಟ ಕಲಿಯುವ ಮೊದಲ ದಿನವೇ ತಿಳಿಯುವ ನಿಯಮ. ಅವಳು ಕೈಯೆತ್ತಿ ತೀರ್ಪುಗಾರನನ್ನು ಕರೆದಳು.

"ನಾ ಅಂತೂ ನೋಡಿಲ್ಲ ಬಿಡವಾ ತಂಗಿ. ಯಾಕಿಷ್ಟ ಸಿಟ್ಟಿಗೇಳ್ತಿ? ಸಮಾಧಾನ್ಲೆ ಆಡು," ಎಂದ ಆ ಮಹಾನುಭಾವ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಾಡಹಗಲೇ ಆಟವನ್ನು ಕದಿಯುವುದಲ್ಲದೆ ಮೇಲೆ ಸಮಾಧಾನದ ಪಾಠ ಬೇರೆ! ಅವಳ ದಾಳಿ ಇನ್ನೂ ಕೆಟ್ಟಿರಲಿಲ್ಲ. ಒಂದು ಕಾಲಾಳನ್ನು ಮುಂದೆ ನುಗ್ಗಿಸಿದ್ದರೆ ವ್ಯಾಪಾರಿಯ ಕೋಟೆ ಒಡೆಯುತ್ತಿತ್ತು. ಆದರೆ ಸಿಟ್ಟಿನಲ್ಲಿ ಆಡಬಾರದೆಂದು ನಿನ್ನಂಥವರೇ ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿದಳು. ಉಸಿರು ಎಣಿಸಿದಳು. ನೀರು ಕುಡಿದಳು. ಮೈ ತಣ್ಣಗಾದ ಮೇಲೆ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದಳು. ಅಷ್ಟು ಬಿಡುವು ಸಾಕಾಯಿತು. ವ್ಯಾಪಾರಿಯ ಮಂತ್ರಿ ತೆರೆದ ಬಾಗಿಲಿಂದ ಒಳಗೆ ಬಂದ. ಹತ್ತು ನಡೆಯೊಳಗೆ ಅವಳು ಸೋತಳು. ತಕರಾರಿಲ್ಲದೆ ಸೋಲಿನ ಚೀಟಿಗೆ ಸಹಿಯನ್ನೂ ಹಾಕಿದಳು.

ಸಂಜೆ ವೇದಿಕೆಯ ಮೇಲೆ ತೀರ್ಪುಗಾರ ಅವಳಿಗೆ ಶಾಲು ಹೊದಿಸಿದ. "ತಾಳ್ಮಿ ಅಂದ್ರ ಈ ತಂಗೀದು ನೋಡ್ರಿ!" ಎಂದ. ಜನ ಚಪ್ಪಾಳೆ ತಟ್ಟಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ, "ಅಂತೂ ಅವಳ ಸಿಟ್ಟು ಇಳಿಯಿತಲ್ಲವೇ?"

"ಇಳಿಯಿತು, ನಿನ್ನದೂ ಇಳಿದ ದಿನ ಹೇಳು, ಪಾರುಪತ್ಯಗಾರನೇ ಬಂದು ನಿನಗೊಂದು ಶಾಲು ಹೊದಿಸುತ್ತಾನೆ."