ಉಗುರಿನಷ್ಟು ಮುಚ್ಚಳ

ಘಟಪ್ರಭಾ ಹೊಳೆಯ ದಂಡೆಯ ಮೇಲೆ ಒಂದು ತಗಡಿನ ಕೋಣೆ. ಒಳಗೆ ಒಬ್ಬ ಗುರು, ಒಬ್ಬ ಶಿಷ್ಯ, ಇಬ್ಬರ ನಡುವೆ ಗೇಣುದ್ದದ ಒಂದು ಟ್ಯಾಂಕು. ನೀರಿನದಲ್ಲ ಮತ್ತೆ, ತೋಪು ಇರುವ ಮಿಲಿಟರಿ ಟ್ಯಾಂಕು!

ಗುರು ಬಾಳಗೌಡರು ಇಪ್ಪತ್ತೆಂಟು ವರ್ಷ ಅಂಥ ಟ್ಯಾಂಕಿನ ಹೊಟ್ಟೆಯೊಳಗೆ ಕೂತು ದುಡಿದವರು. ಮಿಲಿಟರಿಯಲ್ಲಿ ಕೆಲಸ ಕಲಿಸುವವರನ್ನು ಉಸ್ತಾದ ಅನ್ನುತ್ತಾರೆ. ಊರಿಗೆ ಬಂದರೂ ಅವರು ಉಸ್ತಾದರೇ ಆಗಿ ಉಳಿದರು. ಪಿಂಚಣಿಯಾದ ಮೇಲೆ ಅವೇ ಟ್ಯಾಂಕುಗಳನ್ನು ಪುಟ್ಟದಾಗಿ ಮಾಡತೊಡಗಿದರು. ಈಗ ಕೈ ನಡುಗುತ್ತಿದ್ದವು.

ಶಿಷ್ಯ ಅಡಿವೆಪ್ಪ ಗಡಿಯಾರ ರಿಪೇರಿಯವನು. ಕೂದಲೆಳೆಯಂಥ ತಂತಿಯನ್ನೂ ಚಿಮಟದಲ್ಲಿ ಹಿಡಿದು ಹೇಳಿದಂತೆ ಬಾಗಿಸುವ ಕೈ. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ.

“ಇದು ಯಾರಿಗ್ರಿ, ಉಸ್ತಾದರ?”

“ಚಂಪವ್ವಗ. ನಮ್ಮ ದುಂಡಪ್ಪನ ಹೇಂತಿಗೆ.”

ದುಂಡಪ್ಪ ಉಸ್ತಾದರ ಟ್ಯಾಂಕಿನ ಡ್ರೈವರ್. ಮೂವತ್ತೊಂದು ವರ್ಷದ ಹಿಂದೆ ಮರಳುಗಾಡಿನಲ್ಲಿ ತರಬೇತಿ ನಡೆದಾಗ ಟ್ಯಾಂಕಿಗೆ ಬೆಂಕಿ ಬಿದ್ದು ಒಳಗೇ ತೀರಿಹೋದವನು. ಇಷ್ಟು ವರ್ಷಗಳಲ್ಲಿ ಚಂಪವ್ವ ಉಸ್ತಾದರನ್ನು ಬೇಡಿದ್ದು ಒಂದೇ: ಗಂಡ ಕೂಡುತ್ತಿದ್ದ ಜಾಗ ಒಮ್ಮೆ ನೋಡಬೇಕು. ಎರಡು ವಾರ ಬಿಟ್ಟು ಸೋಮವಾರ ಅವಳು ಬರುವವಳಿದ್ದಳು.

ಟ್ಯಾಂಕಿನ ಮೈ ಸಿದ್ಧವಾಗಿತ್ತು. ಸಣ್ಣಪುಟ್ಟ ಸಾಮಾನು ಉಳಿದಿದ್ದವು. ದೀಪ, ಸಲಿಕೆ, ಹಾರೆ, ನೀರಿನ ಡಬ್ಬಿ, ಎಳೆಯುವ ಹಗ್ಗ, ದೀಪಗಳಿಗೆ ಹೋಗುವ ತಂತಿ.

ಉಸ್ತಾದರು ಒಂದು ಹಳೆಯ ಫೋಟೋ ಕೊಟ್ಟರು. ದುಂಡಪ್ಪ ಓಡಿಸುತ್ತಿದ್ದ ಟ್ಯಾಂಕಿನದೇ ಫೋಟೋ. ಜೊತೆಗೆ ಬೇವಿನ ಕಟ್ಟಿಗೆಯಲ್ಲಿ ಕೆತ್ತಿದ ಅರ್ಧ ಬೆರಳುದ್ದದ ಒಂದು ಗೊಂಬೆ.

“ಮೊದಲ ಈ ಡ್ರೈವರನ್ನ ಒಳಗ ಕುಂದರಸು. ಉಳಿದದ್ದು ಆಮ್ಯಾಲೆ.”

ಟ್ಯಾಂಕಿನ ಮುಂಭಾಗದಲ್ಲಿ ಉಗುರಿನಷ್ಟು ಒಂದು ಮುಚ್ಚಳ. ಡ್ರೈವರು ಒಳಗೆ ಇಳಿಯುವುದೂ ಹೊರಗೆ ಬರುವುದೂ ಅದರಿಂದಲೇ. ಅಡಿವೆಪ್ಪ ಅದನ್ನೆತ್ತಿ ಗೊಂಬೆಯನ್ನು ಕೂರಿಸಿದ, ಮುಚ್ಚಿದ. ಆಮೇಲೆ ಅದನ್ನು ಮರೆತೇಬಿಟ್ಟ.

ಒಂಬತ್ತು ದಿನ ಅವನು ತಲೆ ಎತ್ತಲಿಲ್ಲ. ಫೋಟೋ ನೋಡುವುದು, ಮಾಡುವುದು. ಹಳೆಯ ವೈರನ್ನು ಸುಲಿದು ಅದರ ತಾಮ್ರದ ಎಳೆ ತೆಗೆದ. ದೀಪದಿಂದ ದೀಪಕ್ಕೆ ತಂತಿ ಎಳೆದ. ಅಕ್ಕಿಕಾಳಿನ ತುದಿಯಷ್ಟು ಕ್ಲಿಪ್ಪು ಮಾಡಿ ಎರಡೂ ಕಡೆ ಬಿಗಿದ. ಬಣ್ಣ ಹಚ್ಚಿದ. ಅಬ್ಬಾ, ಎಂಥ ಕೆಲಸ! ನೋಡಿದವರು ಮುಟ್ಟಲು ಹೆದರಬೇಕು, ಹಾಗಿತ್ತು.

ಹತ್ತನೆಯ ದಿನ ಎದೆಯುಬ್ಬಿಸಿ ಉಸ್ತಾದರ ಮುಂದೆ ಇಟ್ಟ.

ಉಸ್ತಾದರು ಕನ್ನಡಕ ಏರಿಸಿ ಸುತ್ತಲೂ ನೋಡಿದರು. ಬಹಳ ಹೊತ್ತು ನೋಡಿದರು.

“ಛಲೋ ಆಗೇತಿ,” ಅಂದರು. “ಡ್ರೈವರನ್ನ ಊಟಕ್ಕ ಕರಿ.”

ಅಡಿವೆಪ್ಪ ನಕ್ಕ. “ಏನ್ರಿ ಉಸ್ತಾದರ, ಚಾಷ್ಟಿ ಮಾಡ್ತೀರಲ್ರಿ!”

“ಹೊತ್ತಾತು. ಕರಿಯೋ.”

ಅವರ ಮುಖದಲ್ಲಿ ನಗು ಇರಲಿಲ್ಲ. ಅಡಿವೆಪ್ಪ ಚಿಮಟ ತಗೊಂಡು ಮುಚ್ಚಳ ಎತ್ತಲು ಹೋದ. ಅದು ಏಳಲಿಲ್ಲ. ಅವನೇ ಎಳೆದ ತಂತಿ ಮುಚ್ಚಳದ ಮೇಲೇ ಹಾದುಹೋಗಿತ್ತು, ಎರಡೂ ಕಡೆ ಕ್ಲಿಪ್ಪು ಬಿಗಿದಿದ್ದವು.

ಅವನ ಮುಖ ಸಣ್ಣದಾಯಿತು. ಆದರೆ ಸೋಲು ಒಪ್ಪುವ ಜಾತಿಯಲ್ಲ ಅವನು. ಫೋಟೋ ಮುಂದೆ ಹಿಡಿದ.

“ನಂದೇನ ತಪ್ಪ್ರಿ? ನೀವ ಕೊಟ್ಟ ಫೋಟೋದಾಗ ತಂತಿ ಹಿಂಗ ಐತಿ. ನೋಡ್ರಿ, ಮುಚ್ಚಳದ ಮ್ಯಾಲಿಂದ!”

“ಹೌದು,” ಅಂದರು ಉಸ್ತಾದರು. “ಆ ತಂತಿ ಎಳದಾಂವ ನಾನು.”

ಹೊರಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಉಸ್ತಾದರು ಫೋಟೋ ಇಸಿದುಕೊಂಡು ಆ ತಂತಿಯ ಮೇಲೆ ಬೆರಳಿಟ್ಟರು.

“ದೀಪದ ತಂತಿ ಹರದಿತ್ತು. ಸುತ್ತ ಹಾಕಿ ಎಳದರ ತಾಸು ಬೇಕು. ಅಡ್ಡ ಎಳದೆ. ಹೆಬ್ಬಟ್ಟು ದಪ್ಪ ತಂತಿ, ಗಟ್ಟಿ ಕ್ಲಿಪ್ಪು. ನೀಟಾಗಿ ಕಾಣತಿತ್ತು. ದುಂಡಪ್ಪ ಒಳಗ ಇದ್ದ. ‘ಸಂಜೀಕ ಸರಿ ಮಾಡೂಣು’ ಅಂದೆ. ‘ಆತು’ ಅಂದ. ಅಷ್ಟೊತ್ತಿಗೆ ಒಬ್ಬರು ಫೋಟೋ ತಗದರು. ಮಧ್ಯಾಹ್ನ ಬೆಂಕಿ ಬಿತ್ತು. ಅಂವ ಒಳಗಿಂದ ದೂಡಿದ್ದಕ್ಕ ಮುಚ್ಚಳ ನಾಕ ಬೆರಳು ಎದ್ದಿತ್ತು. ನಾಕ ಬೆರಳು, ಅಷ್ಟ.”

ಅಡಿವೆಪ್ಪನಿಗೆ ತನ್ನ ಕೈಚಳಕ ತನಗೇ ಬೇಡವಾಯಿತು.

“ತಗೀತೀನ್ರಿ ಉಸ್ತಾದರ. ಒಂದ ನಿಮಿಷದ ಕೆಲಸ.”

“ಚಿಮಟ ಇಲ್ಲಿ ಕೊಡು.”

“ನಿಮ್ಮ ಕೈ ನಡಗ್ತಾವ್ರಿ. ಬಣ್ಣ ಹೋಗತೈತಿ.”

“ಹೋಗಲಿ.”

ಅಡಿವೆಪ್ಪನಿಗೆ ಒಂದು ನಿಮಿಷದ ಆ ಕೆಲಸಕ್ಕೆ ಉಸ್ತಾದರು ಅರ್ಧ ತಾಸು ತಗೊಂಡರು. ಚಿಮಟ ಜಾರಿತು, ಬಣ್ಣ ಎದ್ದಿತು, ಹೊಸ ತಗಡಿನ ಮೇಲೆ ಗೀರು ಬಿತ್ತು. ಅಡಿವೆಪ್ಪ ಎರಡು ಸಲ ಕೈ ಚಾಚಿ ಹಿಂದಕ್ಕೆ ತಗೊಂಡ. ಕೊನೆಗೆ ತಂತಿ ಕಿತ್ತು ಬಂತು.

“ಈಗ ಸುತ್ತ ಹಾಕಿ ಎಳಿ,” ಅಂದರು ಉಸ್ತಾದರು, ಬೆವರು ಒರೆಸಿಕೊಳ್ಳುತ್ತ.

“ಗೀರಿಗೆ ಬಣ್ಣ ಹಚ್ಚಲಿಕ್ರಿ?”

“ಬ್ಯಾಡ. ಇದೇನಂತ ಆಕಿ ಕೇಳಬೇಕು.”

ಸೋಮವಾರ ಚಂಪವ್ವ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಬಿಳಿ ವಸ್ತ್ರ. ಟ್ಯಾಂಕಿನ ಮುಂದೆ ಕೂತು ಒಂದೊಂದನ್ನೇ ಬೆರಳಿನಿಂದ ಸವರಿದಳು. ಬೆರಳು ಗೀರಿನ ಮೇಲೆ ನಿಂತಿತು.

“ಇಲ್ಲೇನ್ರಿ ಅಣ್ಣಾರ, ಹೆರೆದಂಗ ಆಗೇತಿ?”

ಉಸ್ತಾದರು ಹೇಳಿದರು. ಶಿಷ್ಯನಿಗೆ ಹೇಳಿದ್ದನ್ನೇ ಹೇಳಿದರು, ಒಂದು ಮಾತೂ ಬಿಡದೆ. ಅಡಿವೆಪ್ಪ ನೆಲ ನೋಡುತ್ತ ನಿಂತಿದ್ದ. ಇವಳು ಎದ್ದು ಹೋಗಿಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಅನಿಸಿ ಅವನಿಗೆ ಜೀವ ಬಾಯಿಗೆ ಬಂದಿತ್ತು.

ಚಂಪವ್ವ ಏಳಲಿಲ್ಲ. ಅಡಿವೆಪ್ಪನ ಕಡೆ ತಿರುಗಿದಳು.

“ಈಗ ತೆಗೀತೈತೇನಪಾ ಇದು?”

“ತೆಗೀತೈತ್ರಿ ಅವ್ವಾರ.”

ಅವಳು ಉಗುರಿನಿಂದ ಮುಚ್ಚಳ ಎತ್ತಿದಳು. ಸಪ್ಪಳವಿಲ್ಲದೆ ಎದ್ದಿತು. ಬಗ್ಗಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು.

“ಅಯ್ಯ ಶಿವನ, ಎಷ್ಟು ಇಕ್ಕಟ್ಟ ಐತಿ,” ಅಂದಳು. ಕಣ್ಣೀರು ಟ್ಯಾಂಕಿನ ಮೇಲೆ ಬೀಳದಂತೆ ಸೆರಗು ಅಡ್ಡ ಹಿಡಿದಳು. “ಅವತ್ತ ಉಂಡಿದ್ರೇನ್ರಿ ಅವರು?”

“ಇಲ್ಲವ್ವಾ. ಕೆಲಸ ಮುಗಿಸಿ ಉಣ್ಣೂಣು ಅಂದಿದ್ದ.”

ಚಂಪವ್ವ ತಲೆಯಾಡಿಸಿದಳು. ಬಿಳಿ ವಸ್ತ್ರವನ್ನು ಉಸ್ತಾದರ ಕೈಗೇ ಕೊಟ್ಟಳು. “ನೀವ ಕಟ್ಟಿ ಕೊಡ್ರಿ ಅಣ್ಣಾರ.”

ಉಸ್ತಾದರು ವಸ್ತ್ರ ಹಾಸಿದರು. ಪ್ರಯಾಣದಲ್ಲಿ ಮುರಿದೀತು ಎಂದು ಅಡಿವೆಪ್ಪ ಮುಚ್ಚಳ ಹಾಕಲು ಬೆರಳು ಚಾಚಿದ.

ಉಸ್ತಾದರು ಅವನ ಕೈ ಹಿಡಿದರು.

“ಬ್ಯಾಡೋ ಅಡಿವೆಪ್ಪಾ, ತೆರದ ಇರಲಿ. ಅಂವ ಇನ್ನೂ ಉಂಡಿಲ್ಲ.”